ಮಾವಿನ ಪೆಟ್ಟಿಗೆಗೆ ಯಾವ ಪಟ್ಟಿ?

ರಟ್ಟಿನ ಪೆಟ್ಟಿಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ಮಾರುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಒಂದು ಆರ್ಡರೂ ಸಿಕ್ಕಿರಲಿಲ್ಲ. ಆ ದಿನ ಶ್ರೀನಿವಾಸಪುರದ ಮಾವಿನ ಗೋದಾಮಿನ ಮಾಲೀಕರ ಮುಂದೆ ಗಟ್ಟಿ ಹಸಿರು ಪಟ್ಟಿಯನ್ನು ಹೊಗಳುತ್ತಿದ್ದೆ.

"ಟೈಲ್ಸ್ ಕಾರ್ಖಾನೆಯವರೂ ಇದನ್ನೇ ಹಾಕ್ತಾರೆ ಸಾರ್. ಲಾರಿ ಎಷ್ಟು ಕುಲುಕಿದ್ರೂ ಸಡಿಲ ಆಗಲ್ಲ."

ಮಾಲೀಕರು ಇನ್ನೇನು ಒಪ್ಪುವುದರಲ್ಲಿದ್ದರು. ಅಷ್ಟರಲ್ಲಿ, ಪಕ್ಕದಲ್ಲಿ ಹಣ್ಣು ತುಂಬುತ್ತಿದ್ದ, ನನ್ನ ಅಮ್ಮನ ವಯಸ್ಸಿನ ನಾಗಮ್ಮ ತಲೆಯೆತ್ತಿದರು. "ಒಂದು ಪೆಟ್ಟಿಗೆಗೆ ಹಾಕಿ ತೋರ್ಸಪ್ಪಾ, ನೋಡಾಣ."

ಹುರುಪಿನಿಂದ ಎಳೆದು ಬಿಗಿದೆ. ರಟ್ಟಿನ ಅಂಚು ಒಳಕ್ಕೆ ಮಡಚಿಕೊಂಡಿತು. ನಾಗಮ್ಮ ಪಟ್ಟಿ ಕತ್ತರಿಸಿ, ಜಜ್ಜಿಹೋದ ಹಣ್ಣೊಂದನ್ನು ನನ್ನ ಕೈಗಿಟ್ಟರು. "ಇದು ಟೈಲ್ಸ್ ಅಲ್ಲ ಕಣಪ್ಪಾ, ಮಾವು."

ಈ ಆರ್ಡರೂ ಹೋಯಿತು ಅಂದುಕೊಂಡೆ. ಆದರೂ ಬ್ಯಾಗಿನಿಂದ ಮೆತ್ತಗಿನ ಬಿಳಿ ಪಟ್ಟಿ ತೆಗೆದೆ. ಅದನ್ನು ನಾಗಮ್ಮನೇ ಹದವಾಗಿ ಬಿಗಿದು, ಪೆಟ್ಟಿಗೆಯನ್ನು ಎತ್ತಿ ಚೆನ್ನಾಗಿ ಅಲುಗಾಡಿಸಿದರು. ಅಂಚು ಮಡಚಿಕೊಳ್ಳಲಿಲ್ಲ, ಪಟ್ಟಿ ಜಾರಲಿಲ್ಲ.

"ನಮಗಿದೇ ಸರಿ," ಅಂದರು. ಮಾಲೀಕರು ಇಡೀ ಸೀಸನ್ನಿಗೆ ಅದನ್ನೇ ಕಳಿಸಲು ಹೇಳಿದರು.

ಹೊರಡುವಾಗ ನಾಗಮ್ಮ ಕೂಗಿದರು. "ಆ ಹಸಿರು ಪಟ್ಟಿ ಸುರುಳಿ ಬಿಟ್ಟೋಗಪ್ಪಾ, ಬುಟ್ಟಿ ಹೆಣೀತೀನಿ."

ಮುಂದಿನ ಸಲ ಹೋದಾಗ ಬುಟ್ಟಿ ಸಿದ್ಧವಾಗಿತ್ತು. ಪಟ್ಟಿಯ ಮೇಲಿದ್ದ ನಮ್ಮ ಕಂಪನಿಯ ಹೆಸರು ಸುತ್ತಲೂ ಎದ್ದು ಕಾಣುವಂತೆ ಹೆಣೆದಿದ್ದರು. ಅಂಥ ಜಾಹೀರಾತನ್ನು ನಮ್ಮ ಆಫೀಸಿನವರು ಇದುವರೆಗೂ ಮಾಡಿಲ್ಲ.