ರುಮಾಲಿನ ಕೆಳಗಿನ ಕಿವಿ

ಘಟ್ಟದ ಮೇಲಿನ ದೇವಾಲ ಎಂಬ ಊರಿನ ಕಮ್ಮಾರಜ್ಜ ಯಾವ ಕಬ್ಬಿಣವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಮಳೆಗಾಳಿಗೆಂದು ಬಿಗಿದ ರುಮಾಲನ್ನು ಎಡಗಿವಿಯ ಮೇಲಿನಿಂದ ಸರಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುತ್ತಿದ್ದರು. ಆ ಒಂದು ಕಿವಿ ಸದಾ ಚಳಿಗೆ ಕೆಂಪಾಗಿರುತ್ತಿತ್ತು. ನಾನು ನಡುವೆ ಬಾಯಿ ಹಾಕಿದರೆ, "ಇರಪ್ಪಾ, ಅದೇ ಹೇಳ್ಲಿ" ಎನ್ನುತ್ತಿದ್ದರು. ಕುಡುಗೋಲಿಗೂ ಅದೇ ಮಾತು, ನಾನು ಓಡಿಸುತ್ತಿದ್ದ ಟೀ ತೋಟದ ಹಳೇ ಲಾರಿಗೂ ಅದೇ ಮಾತು.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಆ ಲಾರಿಯ ಅಡಿಯ ಚೌಕಟ್ಟು ತುಕ್ಕು ಹಿಡಿದು ಪದರ ಪದರವಾಗಿ ಏಳತೊಡಗಿತು. ತೋಟದ ಇಂಗ್ಲಿಷ್ ದೊರೆ ಅದಕ್ಕೆ ದಪ್ಪಗೆ ಡಾಂಬರು ಬಳಿಸಿ, ಎಲೆ ಕೀಳುವ ಹೆಂಗಸರನ್ನು ಹತ್ತಿಸಿಕೊಂಡು ಘಾಟಿ ಇಳಿಸು ಎಂದರು. ನಾನು ಖಾಲಿ ಲಾರಿಯನ್ನು ನೇರ ಕುಲುಮೆಗೆ ಒಯ್ದೆ.

ಅಜ್ಜ ಲಾರಿಯಡಿ ತೂರಿ ಉದ್ದಕ್ಕೂ ತಟ್ಟುತ್ತ ಹೋದರು. ಟಣ್ ಟಣ್ ಎನ್ನುತ್ತಿದ್ದ ಸದ್ದು ಹಿಂದಿನ ಚಕ್ರದ ಹತ್ತಿರ ಹಸಿ ಮರದ ಹಾಗೆ ದಬ್ ಎಂದಿತು.

ಅಷ್ಟರಲ್ಲಿ ದೊರೆ ಕುದುರೆ ಏರಿ ಬಂದೇಬಿಟ್ಟರು. "ಹೊಸದರ ಹಾಗೆ ಹೊಳೀತಿದೆ! ಏನಾಗಿದೆ ಇದಕ್ಕೆ?" ಎಂದು ತೋಟದ ಕೂಲಿಗಳಿಂದ ಕಲಿತ ಮುರುಕು ತಮಿಳಿನಲ್ಲಿ ರೇಗಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅಜ್ಜ ತೆವಳಿಕೊಂಡು ಹೊರಬಂದು ಸುತ್ತಿಗೆಯನ್ನು ಅವರ ಕೈಗೇ ಕೊಟ್ಟರು.

"ಇರಿ ದೊರೆ, ಅದೇ ಹೇಳ್ಲಿ."

ದೊರೆ ಹಿಂದಿನ ಚಕ್ರದ ಹತ್ತಿರ ಬಗ್ಗಿ, ಸಿಟ್ಟಿನಲ್ಲಿ ಒಂದೇಟು ಹಾಕಿದರು. ಡಾಂಬರು ಒಡೆದು ಸುತ್ತಿಗೆಯ ತಲೆ ಚೌಕಟ್ಟಿನೊಳಗೆ ಹೂತುಹೋಯಿತು. ಎಳೆದರೂ ಬರಲಿಲ್ಲ.

ಅಜ್ಜ, ಇನ್ನು ಕೇಳಲು ಏನೂ ಉಳಿದಿಲ್ಲವೆಂಬಂತೆ, ರುಮಾಲನ್ನು ಕಿವಿಯ ಮೇಲೆ ಎಳೆದುಕೊಂಡು ಕುಲುಮೆಯ ತಿದಿ ಒತ್ತಲು ಕೂತರು.