ಜ್ವಾಲಾಮುಖಿ ಪಕ್ಕದ ಊರಿಗೆ ಎರಡು ದಾರಿ

ಎರಿನ್ ಮಿಲ್ಸ್ ಬಡಾವಣೆಯ ನಮ್ಮ ಟ್ರಾವೆಲ್ ಆಫೀಸಿಗೆ ಉಡುಪಿ ಕಡೆಯ ದಂಪತಿ ಬಂದಿದ್ದರು. ಚಿಲಿ ದೇಶದ ಪುಕೋನ್ ಎಂಬ ಸರೋವರದ ಊರಿಗೆ ಹೋಗಬೇಕಂತೆ. ಪಕ್ಕದಲ್ಲೇ ಇರುವ ಜ್ವಾಲಾಮುಖಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

“ಸಾಂಟಿಯಾಗೊವರೆಗೆ ಫ್ಲೈಟು. ಅಲ್ಲಿಂದ ರಾತ್ರಿ ಬಸ್ಸು, ಇಲ್ಲವೇ ಇನ್ನೊಂದು ಫ್ಲೈಟು ಹಿಡಿದು ಆಮೇಲೆ ಟ್ಯಾಕ್ಸಿ,” ಎಂದೆ.

ಅಂಕಲ್ ವಾಶ್‌ರೂಮಿಗೆ ಹೋದದ್ದೇ ಆಂಟಿ ಪಿಸುಗುಟ್ಟಿದರು: “ಬಸ್ಸೇ ಮಾಡಿ ಮಾರಾಯ್ರೆ. ಕತ್ತಲೆಯಲ್ಲಿ ಬೆಟ್ಟ ಕಾಣುದಿಲ್ಲ. ಜ್ವಾಲಾಮುಖಿ ಉಂಟು ಅಂತ ಗೊತ್ತಾದ್ರೆ ಇವರು ಹೊರಡುದೇ ಇಲ್ಲ.”

ಆಮೇಲೆ ಆಂಟಿ ಫೋನ್ ಬಂತೆಂದು ಹೊರಗೆ ಹೋದಾಗ ಅಂಕಲ್ ಹತ್ತಿರ ಬಾಗಿದರು: “ಜ್ವಾಲಾಮುಖಿ ಹತ್ತುವ ಟೂರ್ ಒಂದು ಬುಕ್ ಮಾಡಿ. ಅವಳಿಗೆ ಹೇಳ್ಬೇಡಿ, ಹೆದರ್ತಾಳೆ.”

ಬಸ್ಸು, ಟೂರು ಎರಡನ್ನೂ ಬುಕ್ ಮಾಡಿದೆ. ಆ ಊರಿನ ಯಾವ ಬೀದಿಯಲ್ಲಿ ನಿಂತರೂ ಬೆಟ್ಟ ಹೊಗೆಯಾಡುವುದು ಕಾಣುತ್ತದೆ ಅನ್ನುವುದನ್ನು ಇಬ್ಬರಿಗೂ ಹೇಳಲಿಲ್ಲ. ರಿಟರ್ನ್ ಟಿಕೆಟ್ಟಿನ ತಾರೀಕು ಬದಲಾಯಿಸಬಹುದು ಎಂದಷ್ಟೇ ಹೇಳಿ ಕಳಿಸಿದೆ.