ಉಣ್ಣೆ ಕತ್ತರಿಸಿದ ಕುರಿ ಮತ್ತು ಪಿಎಚ್‌ಡಿ ಸೀಟು

ಹೋದ ಸೋಮವಾರ ನನ್ನ ಸ್ವಂತ ಅಣ್ಣನನ್ನು ನಾನು ಬಚ್ಚಿಟ್ಟೆ. ಹೌದು, ಬಚ್ಚಿಟ್ಟೆ! ಯೂನಿವರ್ಸಿಟಿ ಕ್ಯಾಂಟೀನ್ ಪಕ್ಕದ ಬೇವಿನ ಗಿಡದ ಕೆಳಗೆ ಕೂರಿಸಿ, ‘ನಾ ಕರಿಯೂತನಕ ಆ ಕಡೆ ಬರಬ್ಯಾಡ’ ಎಂದು ಹೇಳಿ ಬಂದೆ.

ಕಾರಣ ಕೇಳಿ, ಆಮೇಲೆ ಬೈಯಿರಿ. ಅಣ್ಣ ನಮ್ಮ ಹಳ್ಳಿ ಬಿಜ್ಜರಗಿಯಲ್ಲಿ ಕುರಿ ಕಾಯುತ್ತಾನೆ. ಅವನ ಮಗಳು ಲಕ್ಷ್ಮಿ (ನಮ್ಮ ಮನೆತನದ ಮೊದಲ ಎಂ.ಟೆಕ್!) ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡಲು ಹೊರಟವಳು. ಅವತ್ತು ಇಂಟರ್‌ವ್ಯೂ. ಇದ್ದದ್ದು ಒಂದೇ ಸೀಟು, ಫೆಲೋಶಿಪ್ ಸಮೇತ. ಹೋದ ವರ್ಷ ಇದೇ ಬಾಗಿಲಿನಿಂದ ಬರಿಗೈಲಿ ಬಂದಿದ್ದಳು. ಈ ಸಲವೂ ತಪ್ಪಿದರೆ ಓದಿಗೆ ಕೈಮುಗಿಯುವುದೆಂದು ತೀರ್ಮಾನಿಸಿದ್ದಳು.

ಅಂಥ ದಿನ ಅಣ್ಣ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬರಬೇಕೇ? ನಾನೋ, ಸಿಟಿಯ ಗಾಂಧಿ ಚೌಕದ ಆಫೀಸಿನಲ್ಲಿ ಇಪ್ಪತ್ತು ವರ್ಷ ಇಸ್ತ್ರಿ ಅಂಗಿ ಹಾಕಿದವನು. ಲಕ್ಷ್ಮಿಗೂ ತಾಕೀತು ಮಾಡಿದ್ದೆ: ‘ಕುರಿ ಗಿರಿ ಅಂತ ಬಾಯಿ ಬಿಡಬ್ಯಾಡ ಯವ್ವಾ. ಸಿಟಿ ಟ್ರಾಫಿಕ್ ಮ್ಯಾಲೆ ರಿಸರ್ಚ್ ಮಾಡ್ತೇನಿ ಅನ್ನು, ತೂಕ ಬರ್ತದ.’ (ನಮ್ಮ ಸಿಟಿ ಟ್ರಾಫಿಕ್ಕನ್ನು ದೇವರೇ ರಿಸರ್ಚ್ ಮಾಡಬೇಕು, ಅದು ಬೇರೆ ಮಾತು.)

ಅವಳು ಒಳಗೆ ಹೋಗಿ ಹತ್ತು ನಿಮಿಷ ಆಗಿತ್ತು. ಪ್ರೊಫೆಸರ್ ಮೇಡಂ ಒಬ್ಬರು ಹೊರಗೆ ಬಂದರು. ‘ಲಕ್ಷ್ಮಿ ಅವರ ತಂದಿ ಎಲ್ಲಿದ್ದಾರ್ರಿ? ಸ್ವಲ್ಪ ಕರೀರಿ.’

ಓಡಿಹೋಗಿ ಅಣ್ಣನನ್ನು ಕರೆತಂದೆ. ಅವನ ಹಿಂದೆ ನಾನೂ ನುಸುಳಿದೆ.

ಒಳಗೆ ಆದದ್ದಿಷ್ಟು. ಟ್ರಾಫಿಕ್ ಬಗ್ಗೆ ಎರಡನೇ ಪ್ರಶ್ನೆಗೇ ಹುಡುಗಿ ಸಿಕ್ಕಿಬಿದ್ದಿದ್ದಾಳೆ. ಕಡೆಗೆ ಇದ್ದದ್ದನ್ನು ಇದ್ದಂಗೆ ಹೇಳಿಬಿಟ್ಟಿದ್ದಾಳೆ. ಕುರಿಗಳ ಫೋಟೊ ತೆಗೆದು, ಒಂದೊಂದನ್ನೂ ಗುರುತು ಹಿಡಿಯಲು ಕಂಪ್ಯೂಟರ್‌ಗೆ ಕಲಿಸಿದ್ದಳಂತೆ. ಎಲ್ಲ ಸರಿಯಿತ್ತು. ಉಣ್ಣೆ ಕತ್ತರಿಸಿದ ಮರುದಿನ ಕಂಪ್ಯೂಟರ್ ತಬ್ಬಿಬ್ಬು! ಅಪ್ಪ ಮಾತ್ರ ಒಂದರಲ್ಲೂ ತಪ್ಪಲಿಲ್ಲವಂತೆ. ‘ಅಪ್ಪಗ ಗೊತ್ತಾಗೋದು ಕಂಪ್ಯೂಟರ್‌ಗೆ ಯಾಕ ಗೊತ್ತಾಗಂಗಿಲ್ಲ? ನಂಗ ಅದನ್ನ ಹುಡುಕೋದೈತ್ರಿ’ ಎಂದಿದ್ದಾಳೆ.

‘ನಿಮಗ ಹೆಂಗ ಗೊತ್ತಾಗ್ತದ್ರಿ?’ ಮೇಡಂ ಅಣ್ಣನನ್ನು ಕೇಳಿದರು.

ಅಣ್ಣ ಕಂಬಳಿ ಸರಿಮಾಡಿಕೊಂಡ. ‘ಉಣ್ಣಿ, ಬಣ್ಣ ಯಾರ್ ನೋಡ್ತಾರ್ರಿ? ನಾ ನಡಿಗಿ ನೋಡ್ತೀನ್ರಿ. ಮನಿ ಮಂದಿ ದೂರಿಂದ ಬಂದ್ರ ಗೊತ್ತಾಗಂಗಿಲ್ಲೇನ್ರಿ? ಹಂಗ. ಇಕಿ ಕುರಿ ನಿಂದ್ರಿಸಿ ಫೋಟೊ ಹೊಡದಾಳ್ರಿ, ಅಲ್ಲೇ ತಪ್ಪ್ಯಾಳ.’

ಮೇಡಂ ಅದನ್ನು ಬರೆದುಕೊಂಡರು. ಹೌದ್ರೀ, ನನ್ನ ಅಣ್ಣ ಹೇಳಿದ್ದನ್ನು ಪ್ರೊಫೆಸರ್ ಬರೆದುಕೊಂಡರು!

ಗುರುವಾರ ಲಿಸ್ಟ್ ಬಂತು. ಲಕ್ಷ್ಮಿಗೆ ಸೀಟು! ಕುರಿಯ ನಡಿಗೆಯೇ ಅವಳ ರಿಸರ್ಚ್ ವಿಷಯ. ಇಡೀ ಆಫೀಸಿಗೆ ಪೇಢೆ ಹಂಚಿದೆ. ‘ನಮ್ಮದು ಕುರಿ ಕಾಯೋ ಮನೆತನ್ರೀ’ ಎಂದು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಎದೆಯುಬ್ಬಿಸಿ ಹೇಳಿದೆ.

ಭಾನುವಾರ ಊರಿಗೆ ಹೋದವನು ಅಣ್ಣನ ಕೈ ಹಿಡಿದೆ. ‘ತಪ್ಪಾತಣ್ಣಾ, ಅವತ್ತ ನಿನ್ನ ಗಿಡದ ಬುಡಕ ಕೂಡ್ರಿಸಿದೆ.’

ಅಣ್ಣ ನಕ್ಕ. ‘ನಾ ಅಲ್ಲೇ ಕುಂತು ನಿನ್ನ ನೋಡಾಕತ್ತಿದ್ದೆ. ಎಷ್ಟ್ ಇಸ್ತ್ರಿ ಅಂಗಿ ಹಾಕ್ಕೊಂಡ್ರೂ ನಡಿಗಿ ಮಾತ್ರ ನಮ್ಮಪ್ಪಂದ ಐತಿ ನೋಡು, ತಮ್ಮಾ.’